ಮಾನದ ಗೋಲು

ಖಾಜನ್‌ವಾಡೊ
ಜನವರಿ 4, 1986

ಮಾಯ್,

ಈ ಕಾಗದವನ್ನೂ ನಿನ್ನ ಶಾಲೆಯ ವಿಳಾಸಕ್ಕೇ ಹಾಕುತ್ತಿದ್ದೇನೆ. ಮನೆಗೆ ಹಾಕಿದರೆ ಪಾಯ್, ಮಗಳ ಅಕ್ಷರ ಕಂಡ ಕೂಡಲೇ, ಅದನ್ನು ಒಡೆಯದೆ ನಿನ್ನ ತಟ್ಟೆಯ ಪಕ್ಕ ಇಟ್ಟು ಎದ್ದುಹೋಗುತ್ತಾರೆ. ಆಮೇಲೆ ನಿನಗೆ ಊಟ ಇಳಿಯುವುದಿಲ್ಲ.

ನನಗೆ ಆರು ತಿಂಗಳು ತುಂಬಿತು. ಹೋದ ವರ್ಷ ಆ ಮಗು ಹೊಟ್ಟೆಯಲ್ಲೇ ಹೋದದ್ದೂ ಆರು ತಿಂಗಳಿಗೇ. ಈಗ ಬೆಳಿಗ್ಗೆ ಎಚ್ಚರವಾದ ಕೂಡಲೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಒಳಗೆ ಮಿಸುಕಾಡುವವರೆಗೆ ಏಳುವುದಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, ರಾಣಿಗೆ ಇನ್ನೂ ಬೆಳಗಾಗಿಲ್ಲ ಎನ್ನುತ್ತಾರೆ. ಮಡ್ಗಾಂವ್‌ನ ಡಾಕ್ಟರರು ರಕ್ತದೊತ್ತಡ ಹೆಚ್ಚಿದೆ, ಮಲಗಿಯೇ ಇರಬೇಕು, ಉಪ್ಪು ಕಡಿಮೆ ಮಾಡಬೇಕು ಅಂದರು. ಉಪ್ಪು ಬೆಳೆಯುವ ಮನೆಯಲ್ಲಿ ಸೊಸೆಗೆ ಉಪ್ಪು ಬೇಡವಂತೆ ಎಂದು ಅತ್ತೆ ಕೇರಿಗೆಲ್ಲ ಹೇಳಿ ನಕ್ಕರು. ಅವರು ಕೆಟ್ಟವರಲ್ಲ. ಅವರು ಹೆತ್ತಾಗ ಯಾರೂ ಅವರನ್ನು ಮಲಗಿಸಲಿಲ್ಲ, ಅಷ್ಟೇ.

ನನಗೆ ಮನೆಗೆ ಬರಬೇಕು, ಮಾಯ್. ಏಳನೇ ತಿಂಗಳಿಗೆ ಎಲ್ಲ ಹುಡುಗಿಯರೂ ಹೋಗುವ ಹಾಗೆ. ಇಲ್ಲಿ ಈ ಮಗುವನ್ನು ಉಳಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ ಅನ್ನಿಸುತ್ತಿದೆ.

ಮಿಂಗೆಲ್‌ಗೆ ಹೇಳಿದೆ. ನನ್ನ ಗಂಡನಲ್ಲವೇ, ಬೇಡ ಅನ್ನಲಿಲ್ಲ. ಫುಟ್‌ಬಾಲ್ ಬೂಟಿನ ಕೆಸರು ಕೆರೆಯುತ್ತಾ ಅಂದ: "ಹೋದ ವರ್ಷ ನಿಮ್ಮೂರಲ್ಲಿ ನಮಗೆ ನಾಲ್ಕು ಗೋಲು ಹೊಡೆದ್ರು. ನಿನ್ನ ಅಪ್ಪ ಟೊಪ್ಪಿ ತೆಗೀಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ನಮ್ಮೂರಿಗೇ ಮಾನದ ಗೋಲು ಕೊಡ್ಲಿಲ್ಲ. ಆ ಮನೆ ಮೆಟ್ಟಿಲು ನಾನು ಹ್ಯಾಗೆ ಹತ್ಲಿ, ನೀನೇ ಹೇಳು."

ಮಾನದ ಗೋಲಿನ ವಿಷಯ ಚಿಕ್ಕವಳಿದ್ದಾಗ ನನಗೆ ಹೇಳಿಕೊಟ್ಟವಳು ನೀನು. ಒಂದು ಆಟದ ದಿನ ಅಷ್ಟು ಬಿಸಿಲಲ್ಲಿ ಪಾಯ್ ಯಾಕೆ ಟೊಪ್ಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು ಎಂದು ಕೇಳಿದ್ದೆ. ತಲೆಗೆ ಗಾಳಿ ಬೇಕಿತ್ತು ಅಂದಿದ್ದರು ಅವರು. ನೀನು ಮನೆಯಲ್ಲಿ ಬಿಡಿಸಿ ಹೇಳಿದೆ: ನಾಲ್ಕು ಗೋಲು ಮುಂದಾದವರ ಹಿರಿಯ ಹಾಗೆ ಮಾಡಿದರೆ, ಅವರ ಹುಡುಗರು ಸೋತ ಊರಿಗೆ ಒಂದು ಗೋಲು ಬಿಟ್ಟುಕೊಡುತ್ತಾರೆ, ಸೋತವರು ತಲೆ ಎತ್ತಿಕೊಂಡು ಮನೆಗೆ ಹೋಗುತ್ತಾರೆ, ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಬಾರದು, ಆಡಿದರೆ ಅದು ಮಾನವಲ್ಲ, ಭಿಕ್ಷೆ.

ಫೆಬ್ರವರಿ ಎರಡಕ್ಕೆ ನಿಮ್ಮವರು ಇಲ್ಲಿ ಆಡಲು ಬರುತ್ತಾರೆ. ಅವತ್ತು ಪಾಯ್ ಟೊಪ್ಪಿ ತೆಗೆದರೆ ಮರುದಿನ ತಾನೇ ನನ್ನನ್ನು ಹೊಳೆ ದಾಟಿಸಿ ನಿಮ್ಮ ಬಾಗಿಲಿಗೆ ಬಿಡುತ್ತೇನೆ ಎಂದು ಮಿಂಗೆಲ್ ಮಾತು ಕೊಟ್ಟಿದ್ದಾನೆ. ಆದರೆ ಇದನ್ನು ಪಾಯ್‌ಗೆ ಹೇಳಬಾರದು. ಹೇಳಿಸಿಕೊಂಡು ತೆಗೆದ ಟೊಪ್ಪಿ ಅವನಿಗೆ ಬೇಡವಂತೆ.

ನಿನ್ನ ಇನೆಸ್

•

ಮೊರೊಡ್
ಜನವರಿ 13, 1986

ಇನೆಸ್ ಬಾಯ್,

ನಿನ್ನ ಕಾಗದವನ್ನು ಆರನೇ ತರಗತಿಯ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿ, ಮೇಜಿನ ಕೆಳಗೆ ಇಟ್ಟುಕೊಂಡು ಓದಿದೆ. ಮಕ್ಕಳು ಕಾಪಿ ಹೊಡೆಯುವ ಹಾಗೆ.

ಪಾಯ್‌ಗೆ ಏನೂ ಹೇಳಿಲ್ಲ. ಹೇಳದಿರುವುದು ಸರಿಯೇ ಎಂದು ದಿನಾ ಕೇಳಿಕೊಳ್ಳುತ್ತೇನೆ. ತರಗತಿಯಲ್ಲಿ ಹೆಣ್ಣುಮಕ್ಕಳಿಗೆ, ಎದ್ದು ನಿಂತು ಜೋರಾಗಿ ಮಾತಾಡಿ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವಳು ನಾನು. ಮನೆಯಲ್ಲಿ ಗಂಡನ ಮುಂದೆ ಮೀನಿನ ಸಾರು ಬಡಿಸುತ್ತಾ ಸುಮ್ಮನಿದ್ದೇನೆ. ಇದು ತಾಳ್ಮೆಯೋ ಹೆದರಿಕೆಯೋ ನನಗೇ ತಿಳಿಯುವುದಿಲ್ಲ. ನೀನು ಖಾಜನ್‌ನ ಗೋಲ್‌ಕೀಪರನನ್ನು ಮದುವೆಯಾದ ದಿನ ಅವರು, "ನಾನಿರೋ ತನಕ ಈ ಮನೆ ಅವಳದ್ದಲ್ಲ" ಅಂದರು. ಆಮೇಲೆ ಆ ಮಾತನ್ನು ಇನ್ನೊಮ್ಮೆ ಆಡಿದ್ದಿಲ್ಲ, ಹಿಂದೆ ತೆಗೆದುಕೊಂಡದ್ದೂ ಇಲ್ಲ. ನಿನ್ನ ಕೋಣೆಯ ಹೆಂಚು ಒಡೆದಿತ್ತು. ಹೋದ ವಾರ ಅವರೇ ಮೇಲೆ ಹತ್ತಿ ಬದಲಿಸಿದರು.

ಈಗ ನನ್ನ ಅವಸ್ಥೆ ನೋಡು. ಇಷ್ಟು ವರ್ಷ ಈ ಆಟವೆಂದರೆ ಕೆಸರು ಮೆತ್ತಿದ ಕಾಲುಚೀಲ ಒಗೆಯುವ ಕೆಲಸ ಎಂದುಕೊಂಡಿದ್ದವಳು, ಬೆಳಗಿನ ಪೂಜೆಯಲ್ಲಿ ಮೊಣಕಾಲೂರಿ ಮೊರೊಡ್ ಗೆಲ್ಲಲಿ ಎಂದು ಬೇಡುತ್ತೇನೆ. ಬರೀ ಗೆದ್ದರೆ ಸಾಲದು. ಒಂದೆರಡು ಗೋಲಿನ ಅಂತರಕ್ಕೆ ಮಾನದ ಗೋಲು ಇಲ್ಲ. ಖಾಜನ್ ಮಣ್ಣಿನಲ್ಲೇ ಖಾಜನ್ ನೆಲಕಚ್ಚಬೇಕು. ನಿನ್ನ ಗಂಡನ ಹಿಂದಿನ ಬಲೆ ನಾಲ್ಕು ಸಲ ಅಲುಗಬೇಕು. ಇಂಥ ಪ್ರಾರ್ಥನೆಯನ್ನು ದೇವರು ಯಾವ ಮುಖದಿಂದ ಕೇಳಿಸಿಕೊಳ್ಳುತ್ತಾನೋ.

ಕ್ಲಬ್ಬಿನವರು ವಾಸ್ಕೊದಿಂದ ಟೈಟಸ್ ಎಂಬ ಹುಡುಗನನ್ನೂ ಅವನ ಜೊತೆ ಇನ್ನೂ ಎಂಟು ಜನರನ್ನೂ ಕರೆಸಿದ್ದಾರೆ. ಅವನ ಕಾಲಿಗೆ ಚೆಂಡು ಸಿಕ್ಕರೆ ನಾಯಿ ಬಾಯಿಗೆ ಎಲುಬು ಸಿಕ್ಕ ಹಾಗೆ ಎಂದು ಪಕ್ಕದ ಮನೆಯ ಕಾರ್ಮೆಲಿನ್ ಹೇಳುತ್ತಾಳೆ. ನನಗೆ ಅಷ್ಟೇ ಸಮಾಧಾನ.

ಕೊಡ ಎತ್ತಬೇಡ. ಅತ್ತೆ ಏನಂದರೂ ಎತ್ತಬೇಡ.

ಮಾಯ್

•

ಖಾಜನ್‌ವಾಡೊ
ಜನವರಿ 24, 1986

ಮಾಯ್,

ಕಾಲು ಬಾತಿದೆ. ಚಪ್ಪಲಿ ಹಿಡಿಸುವುದಿಲ್ಲ, ಮಿಂಗೆಲ್‌ನದ್ದು ಹಾಕಿಕೊಂಡು ಓಡಾಡುತ್ತೇನೆ. ಬೆರಳು ಬಾತು ಮದುವೆ ಉಂಗುರ ಸೋಪು ಹಚ್ಚಿ ತೆಗೆಯಬೇಕಾಯಿತು. ಅದನ್ನು ನೋಡಿ ಅತ್ತೆ ಶಿಲುಬೆ ಗುರುತು ಹಾಕಿಕೊಂಡರು, ಆದರೆ ಅವತ್ತಿನಿಂದ ಬಾವಿಯ ನೀರು ತಾವೇ ಸೇದುತ್ತಿದ್ದಾರೆ. ಹಣೆಯ ಹತ್ತಿರ ಒಂದು ನೋವು ಬಂದರೆ ಹೋಗುವುದಿಲ್ಲ.

ಮಿಂಗೆಲ್ ಸಂಜೆ ಅಭ್ಯಾಸ ಮುಗಿಸಿ ಬಂದು ಪಕ್ಕ ಕೂತ. "ನಿನ್ನಮ್ಮ ನಮ್ಮ ಸೋಲಿಗೆ ಮೇಣದಬತ್ತಿ ಹಚ್ತಿದ್ದಾರೆ, ನೀನೂ ಹಚ್ತಿದ್ದೀ. ನಾನೊಬ್ಬ ಮಾತ್ರ ಆ ಕಂಬಗಳ ನಡುವೆ ಹುಚ್ಚನ ಹಾಗೆ ಹಾರ್ಬೇಕು, ಅಲ್ವಾ?" ಅಂದ. ನಗುತ್ತಲೇ ಅಂದ. ಆಮೇಲೆ ನಗಲಿಲ್ಲ. ತಾನು ಬೇಕೆಂದು ಒಂದು ಚೆಂಡನ್ನೂ ಬಿಡುವುದಿಲ್ಲ ಎಂದು ನನಗೆ ಮೊದಲೇ ತಿಳಿಸಿದ್ದಾನೆ. ಬಿಡು ಎಂದು ನಾನು ಕೇಳಿಯೂ ಇಲ್ಲ. ಕೇಳಿದ್ದರೆ ಅವನು ನನ್ನನ್ನು ನೋಡುವ ಕಣ್ಣೇ ಬೇರೆಯಾಗುತ್ತಿತ್ತು.

ಅವತ್ತು ಚಾಪೆಲ್ ಮೆಟ್ಟಿಲ ಮೇಲೆ ನಿಲ್ಲುತ್ತೇನೆ. ಅಲ್ಲಿಂದ ಮೈದಾನ ಪೂರ್ತಿ ಕಾಣುತ್ತದೆ. ನೀನು ಬಂದರೆ ತಲೆ ಎತ್ತಿ ನೋಡು.

ಇನೆಸ್

•

ಮೊರೊಡ್
ಫೆಬ್ರವರಿ 3, 1986

ಇನೆಸ್ ಬಾಯ್,

ನೀನು ಇವತ್ತು ಬರಬೇಕಾಗಿತ್ತು. ಶಾಲೆಗೆ ರಜೆ ಹಾಕಿ ಬೆಳಗಿನಿಂದ ಜಗಲಿಯಲ್ಲಿ ಕೂತಿದ್ದೆ. ಈಗ ಮೂರು ಗಂಟೆ. ನೀನು ಬರುವುದಿಲ್ಲ ಎಂದು ತಿಳಿದುಕೊಂಡು ಬರೆಯುತ್ತಿದ್ದೇನೆ. ಪೂರ್ತಿ ಓದು, ಮಿಂಗೆಲ್‌ಗೆ ಓದಿ ಹೇಳು. ಪಾಯ್ ಟೊಪ್ಪಿ ತೆಗೆದರು. ಇದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಕಾರ್ಮೆಲಿನ್ ಜೊತೆ ನಾನೂ ಬಸ್ಸು ಹತ್ತಿದೆ. ಫೆರಿಯಿಂದ ಇಳಿಯುತ್ತಿದ್ದಂತೆ ನಿಮ್ಮೂರ ಹುಡುಗರು ಬಸ್ಸಿನ ಪಕ್ಕ ಓಡುತ್ತಾ, "ಬನ್ನಿ ಬನ್ನಿ, ಹೋಗುವಾಗ ಉಪ್ಪು ಕೊಡ್ತೇವೆ, ಗಾಯಕ್ಕೆ ಹಚ್ಕೊಳ್ಳಿ" ಅಂದರು. ನಮ್ಮ ಬಸ್ಸಿನಿಂದ ಒಬ್ಬ, "ನಿಮ್ಮ ಕೀಪರ್ ಹಿಂದಿನ ಬಲೆ ಹೊಳೆಗೆ ಹಾಕಿ ಮಾರಾಯ್ರೇ, ಮೀನಾದ್ರೂ ನಿಲ್ತದೆ" ಎಂದು ಕೂಗಿದ. ಇನ್ನೊಬ್ಬ ಅವನ ಪಕ್ಕೆ ತಿವಿದು ನನ್ನ ಕಡೆ ಕಣ್ಣು ತೋರಿಸಿದ.

ಮೈದಾನಕ್ಕೆ ಬಂದ ಕೂಡಲೇ ಚಾಪೆಲ್ ಮೆಟ್ಟಿಲು ನೋಡಿದೆ. ನೀನಿರಲಿಲ್ಲ. ಆಮೇಲೆ ಎಷ್ಟು ಸಲ ನೋಡಿದೆನೋ.

ಗದ್ದೆಯ ಕೂಳೆ ಇನ್ನೂ ಕಾಲಿಗೆ ಚುಚ್ಚುವಂತಿತ್ತು. ಪಾಯ್ ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ನಮ್ಮವರು ಅವರ ಹಿಂದೆ ನಿಂತರು. ನನಗೆ ಆಟ ತಿಳಿಯದಿದ್ದರೂ ಒಂದು ತಿಳಿಯಿತು: ನಿಮ್ಮವರಿಗೆ ಚೆಂಡೇ ಸಿಗುತ್ತಿರಲಿಲ್ಲ. ಮೊದಲರ್ಧಕ್ಕೆ ಎರಡು ಆಯಿತು. ನಮ್ಮ ಕ್ಯಾಪ್ಟನ್ ಕೊನ್ಸೆಸಾಂವ್‌ನ ಮಂಡಿ ಹೊರಳಿ ಅವನನ್ನು ಹೊತ್ತುಕೊಂಡು ಹೋದರು. ಅವನ ಬದಲು ವಾಸ್ಕೊದ ಇನ್ನೊಬ್ಬ ಹುಡುಗ ಇಳಿದ. ಆ ಹೊತ್ತಿಗೆ ಅದರ ಅರ್ಥ ನನಗಾಗಲಿಲ್ಲ.

ಮೂರನೆಯದು ಬಂತು. ನಾಲ್ಕನೆಯದು ಬಂತು. ಎದ್ದು ಕೂಗಿದೆ, ಬಾಯ್. ಎದೆ ಒಡೆಯುವ ಹಾಗೆ ಕೂಗಿದೆ. ಕಾರ್ಮೆಲಿನ್ ನನ್ನನ್ನು ತಬ್ಬಿ, ಟೀಚರಿಗೂ ಕೊನೆಗೆ ಹುಚ್ಚು ಹಿಡಿಯಿತು ಎಂದು ನಕ್ಕಳು. ನಿನ್ನ ಗಂಡ ಬಲೆಯೊಳಗಿಂದ ಚೆಂಡು ತೆಗೆಯುತ್ತಿದ್ದ. ಅವನನ್ನು ಕಂಡ ಮೇಲೆ ನಾನು ಕೂತುಬಿಟ್ಟೆ.

ಪಾಯ್ ಬೆನ್ನನ್ನೇ ನೋಡುತ್ತಿದ್ದೆ. ಬಹಳ ಹೊತ್ತು ಆ ಬೆನ್ನು ಅಲುಗಲಿಲ್ಲ. ನಾನು ಏನೂ ಹೇಳಿರಲಿಲ್ಲ ಎಂಬುದನ್ನು ಮಿಂಗೆಲ್‌ಗೆ ಎರಡು ಸಲ ಹೇಳು. ಅವರು ಎಡಗಡೆ, ಚಾಪೆಲ್ ಕಡೆ, ಒಮ್ಮೆ ನೋಡಿದರು. ಆಮೇಲೆ ಕೈ ಮೇಲೆ ಹೋಯಿತು. ಟೊಪ್ಪಿ ತೆಗೆದು ಮಂಡಿಯ ಮೇಲಿಟ್ಟರು.

ಆಡುತ್ತಿದ್ದವರು ಯಾರೂ ನಿಲ್ಲಲಿಲ್ಲ. ಕೊನ್ಸೆಸಾಂವ್ ಇದ್ದಿದ್ದರೆ ಕಣ್ಣಿನ ಮೂಲೆಯಲ್ಲೇ ನೋಡಿ ಹಿಂದಕ್ಕೆ ಒಂದು ಸಡಿಲ ಚೆಂಡು ಬಿಡುತ್ತಿದ್ದ. ಮೈದಾನದಲ್ಲಿದ್ದ ನಮ್ಮೂರ ಹುಡುಗರಿಬ್ಬರೂ ಆ ಬದಿಯಲ್ಲಿ ಬೆನ್ನು ಹಾಕಿ ಓಡುತ್ತಿದ್ದರು. ವಾಸ್ಕೊದವರಿಗೆ ಅದು ಬಿಸಿಲಲ್ಲಿ ಬೆವರಿದ ಮುದುಕನೊಬ್ಬನ ಟೊಪ್ಪಿ. ಟೈಟಸ್ ಐದನೆಯದನ್ನು ಹೊಡೆದ. ಆಗ ಪಾಯ್ ಎದ್ದು ನಿಂತರು. ಎಲ್ಲರಿಗೂ ಕಾಣಲಿ ಎಂದು ಟೊಪ್ಪಿಯನ್ನು ಎದೆಗೆ ಹಿಡಿದುಕೊಂಡು ನಿಂತರು.

ಅದನ್ನು ಕಂಡು ನಮ್ಮವರು ಏನು ತಿಳಿದರು ಗೊತ್ತಾ? ಅವರು ಗೋಲಿಗೆ ಗೌರವ ಕೊಡುತ್ತಿದ್ದಾರೆ ಎಂದುಕೊಂಡರು. ಹಿಂದಿದ್ದ ಹುಡುಗರೆಲ್ಲ ತಮ್ಮ ಟೊಪ್ಪಿ ತೆಗೆದು ಗಾಳಿಯಲ್ಲಿ ಹಾರಿಸತೊಡಗಿದರು. ಹಾರುವ ಟೊಪ್ಪಿಗಳ ನಡುವೆ ಅವರೊಬ್ಬರ ಟೊಪ್ಪಿ ಯಾರಿಗೂ ಕಾಣದೆ ಹೋಯಿತು. ಕೂಗಿ ಹೇಳುವಂತಿರಲಿಲ್ಲ. ಹೇಳಿದರೆ ಅದು ಮಾನವಾಗಿ ಉಳಿಯುತ್ತಿರಲಿಲ್ಲ. ಆರನೆಯದೂ ಆಯಿತು. ಆಟ ಮುಗಿಯುವವರೆಗೆ ಅವರು ಬಿಸಿಲಿಗೆ ಬೋಳುತಲೆ ಒಡ್ಡಿಕೊಂಡು ನಿಂತೇ ಇದ್ದರು.

ಫೆರಿಯ ಮೇಲೆ ಪಟಾಕಿ, ಹಾಡು, ಫೆನಿ. ಟೈಟಸ್ ಪಾಯ್ ಹತ್ತಿರ ಬಂದು ಅವರ ಕೈಗೆ ಮುತ್ತಿಟ್ಟ. "ಬಾಬ್, ನನ್ನ ಆಟಕ್ಕೆ ಟೊಪ್ಪಿ ತೆಗ್ದು ನಿಂತ್ರಲ್ಲ, ಇಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರ್ಲಿಲ್ಲ" ಅಂದ. ಆ ಮಗುವಿನ ಕಣ್ಣಲ್ಲಿ ನೀರಿತ್ತು. ಪಾಯ್ ಅವನ ಭುಜ ತಟ್ಟಿದರು. ಇಷ್ಟು ದೊಡ್ಡ ಗೆಲುವು ಹೊಳೆಯಾಚೆ ಮೊರೊಡ್‌ಗೆ ಹಿಂದೆಂದೂ ಸಿಕ್ಕಿರಲಿಲ್ಲವಂತೆ. ಮನೆಗೆ ಬಂದು ಅವರು ಊಟ ಬೇಡ ಎಂದು ಮಲಗಿದರು.

ನಾನು ಬೇಡಿದ್ದಕ್ಕಿಂತ ಎರಡು ಹೆಚ್ಚೇ ಸಿಕ್ಕಿತು.

ಮಿಂಗೆಲ್‌ಗೆ ಹೇಳು. ದಯವಿಟ್ಟು ಹೇಳು.

ಮಾಯ್

•

ಖಾಜನ್‌ವಾಡೊ
ಫೆಬ್ರವರಿ 8, 1986

ಮಾಯ್,

ಓದಿ ಹೇಳಿದೆ. ಅವನು ಕೊನೆಯವರೆಗೂ ಕೇಳಿ ಅಂದ: "ನಿಮ್ಮೂರವ್ರೆಲ್ಲ ಟೊಪ್ಪಿ ತೆಗ್ದು ಹಾರ್ಸಿದ್ರು. ನಿನ್ನ ಅಪ್ಪನೂ ತೆಗ್ದ. ಅದನ್ನ ಮಾನ ಅಂತ ನಾನು ಹೋಗಿ ಊರಿಗೆ ಹೇಳ್ಲಾ? ಆರು ಗೋಲು ತಿಂದದ್ದು ಸಾಲ್ದು ಅಂತ ಅದನ್ನೂ ತಿನ್ಲಾ?"

ಅವನನ್ನು ಬೈಯಬೇಡ. ಉಪ್ಪಿನ ಗದ್ದೆಯಲ್ಲಿ ಅವನ ಜೊತೆ ಯಾರೂ ಮಾತಾಡುತ್ತಿಲ್ಲ. ಮೊರೊಡ್ ಅಳಿಯ ಬೇಕೆಂದೇ ಗೋಲಿನ ಬಾಗಿಲು ತೆರೆದಿಟ್ಟ ಎನ್ನುತ್ತಾರೆ. ಈಗ ನನ್ನನ್ನು ನಿಮ್ಮ ಮನೆಗೆ ಕರೆತಂದರೆ ಆ ಮಾತೇ ನಿಜವಾಗುತ್ತದೆ. ಹೋಗುವುದು ಬೇಡ ಅಂದುಬಿಟ್ಟ.

ಅವತ್ತು ನಾನು ಮೆಟ್ಟಿಲವರೆಗೆ ಬರಲಿಲ್ಲ. ಬೆಳಿಗ್ಗೆಯೇ ವಾಂತಿಯಾಗಿ ಮಲಗಿದ್ದೆ. ಕೂಗು ಮಾತ್ರ ಕೇಳುತ್ತಿತ್ತು. ಯಾರ ಕೂಗು ಎಂದು ದೂರದಿಂದ ಗೊತ್ತಾಗುವುದಿಲ್ಲ.

ಅಕ್ಷರಗಳು ಎರಡೆರಡಾಗಿ ಕಾಣುತ್ತಿವೆ. ಸಾಲು ಸೊಟ್ಟಗಿದ್ದರೆ ಅದಕ್ಕೇ. ಸ್ವಲ್ಪ ದಿನ ಬರೆಯದಿದ್ದರೆ ಗಾಬರಿಯಾಗಬೇಡ.

ಇ.

•

ಮೊರೊಡ್
ಫೆಬ್ರವರಿ 14, 1986

ಇನೆಸ್ ಬಾಯ್,

ನೀನು ಗಾಬರಿಯಾಗಬೇಡ ಎಂದು ಬರೆದದ್ದನ್ನು ಓದಿ ಯಾವ ತಾಯಿ ಸುಮ್ಮನಿರುತ್ತಾಳೆ? ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಅಲ್ಲಿಂದಲೇ ಫೆರಿ ಹತ್ತಿದೆ. ನಿನಗೆ ಯಾರಾದರೂ ಹೇಳಿದರೋ ಇಲ್ಲವೋ. ನಿನ್ನ ಅತ್ತೆ ನನ್ನನ್ನು ಜಗಲಿಯಲ್ಲೇ ಕೂರಿಸಿ, ಅವಳು ಈಗ ತಾನೇ ಕಣ್ಣು ಮುಚ್ಚಿದಳು, ಎಬ್ಬಿಸುವುದು ಬೇಡ ಅಂದರು. ಒಳಗೆ ಯಾರೋ ಕೆಮ್ಮಿದ ಸದ್ದಾಯಿತು. ನಾನು ಎದ್ದು ಒಳಗೆ ಹೋಗಬಹುದಿತ್ತು. ಅವರೇನು ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದರೆ? ನೀರು ಕುಡಿದು, ಲೋಟ ಕೊಟ್ಟು, ಬಂದುಬಿಟ್ಟೆ. ಯಾಕೆ ಬಂದೆ ಎಂದು ಎರಡು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಒಳ್ಳೆಯ ನಡತೆ ಎಂದು ನನಗೆ ಕಾನ್ವೆಂಟಿನಲ್ಲಿ ಕಲಿಸಿದ್ದೆಲ್ಲ ಇದಕ್ಕೇ ಆಗಿತ್ತೆ?

ಇವತ್ತು ಪಾಯ್‌ಗೆ ಎಲ್ಲ ಹೇಳಿದೆ. ನಿನ್ನ ಕಾಗದಗಳು, ಕಾಲಿನ ಬಾವು, ಮಿಂಗೆಲ್ ಕೊಟ್ಟ ಮಾತು, ಎಲ್ಲ. ಇನ್ನು ಯಾವ ಮಾನ, ಯಾವ ಭಿಕ್ಷೆ.

ಅವರು ಬೈಯಲಿಲ್ಲ. ಇಷ್ಟೇ ಕೇಳಿದರು: "ಬರ್ತೇನೆ ಅಂತ ಅವಳೇ ಅಂದಿದ್ಲಾ?"

ಹೌದು ಅಂದೆ. ಬಹಳ ಹೊತ್ತು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನ ಶಾಲೆಯ ಗೆರೆ ಹಾಕಿದ ಹಾಳೆ ಕೇಳಿದರು. ಈ ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ಕಾಗದ ಬರೆದದ್ದನ್ನು ನಾನು ನೋಡಿದ್ದಿಲ್ಲ. ಈಗ ಊಟದ ಮೇಜಿನಲ್ಲಿ ಬೆನ್ನು ಬಗ್ಗಿಸಿ ಕೂತಿದ್ದಾರೆ. ನನಗೆ ತೋರಿಸುವುದಿಲ್ಲವಂತೆ.

ಒಂದು ಸಾಲು ಬರೆ. ನಿನಗೆ ಆಗದಿದ್ದರೆ ಯಾರ ಕೈಯಲ್ಲಾದರೂ ಬರೆಸು.

ಮಾಯ್

•

ಮೊರೊಡ್
ಫೆಬ್ರವರಿ 15, 1986

ಮಿಂಗೆಲ್,

ನಾನು ರೊಜಾರ್. ಇನೆಸಳ ತಂದೆ. ನನಗೆ ಬರೆದು ಅಭ್ಯಾಸವಿಲ್ಲ. ನಾನೂ ಒಂದು ಕಾಲಕ್ಕೆ ಮೊರೊಡ್‌ನ ಕೀಪರ್ ಆಗಿದ್ದೆ, ನಿನಗೆ ಗೊತ್ತಿರಬಹುದು. ಹಾಗಾಗಿ ಗೋಲುಗಳ ಮಾತು ಮೊದಲು.

ಮೊದಲನೆಯದು ಗಾಳಿಯದ್ದು. ಕಟ್ಟೆಯ ಕಡೆಯಿಂದ ಗಾಳಿ ತಿರುಗಿದಾಗ ಆ ಎತ್ತರದ ಚೆಂಡನ್ನು ಯಾರೂ ಹಿಡಿಯಲಾರರು. ಎರಡನೆಯದಕ್ಕೆ ನಿನ್ನ ಮುಂದೆ ಮೂರು ಜನ ಅಡ್ಡ ಇದ್ದರು. ಮೂರನೆಯದು ನಿನ್ನ ತಪ್ಪಲ್ಲ, ನಿನ್ನ ಮುಂದೆ ಕಾವಲಿದ್ದ ಬ್ಯಾಕ್ ಆಟಗಾರ ಜಾರಿ ಬಿದ್ದಿದ್ದ. ಐದನೆಯದನ್ನು ನೀನು ತಡೆದೇಬಿಟ್ಟಿದ್ದೆ. ಬೆರಳಿಗೆ ತಾಗಿ ಒಳಗೆ ಹೋಯಿತು. ಅಂಥದ್ದು ಎಷ್ಟು ದಿನ ಬೆರಳ ತುದಿಯಲ್ಲಿ ಉಳಿಯುತ್ತದೆ ಎಂದು ನನಗೆ ಗೊತ್ತು. ಬಾಗಿಲು ತೆರೆದಿಟ್ಟ ಎಂದು ನಿನ್ನ ಊರಿನವರು ಹೇಳಿದರೆ, ಆರು ಗೋಲಿನಲ್ಲೂ ನೀನು ನೆಲಕ್ಕೆ ಬಿದ್ದು ಎದ್ದದ್ದನ್ನು ಎದುರಾಳಿ ಊರಿನ ಮುದುಕ ನೋಡಿದ್ದಾನೆ ಅನ್ನು.

ಟೊಪ್ಪಿ ನಾಲ್ಕನೆಯದಕ್ಕೇ ತೆಗೆದಿದ್ದೆ. ನನ್ನ ಹಿಂದೆ ಸೂರ್ಯ ಇದ್ದ, ನಿನಗೆ ಕಾಣಲಿಲ್ಲ. ನಮ್ಮ ಹುಡುಗರಿಗೆ ಕಂಡೂ ತಿಳಿಯಲಿಲ್ಲ. ನನಗೆ ಯಾರೂ ಬಾಯಿಬಿಟ್ಟು ಕಲಿಸಿರಲಿಲ್ಲ, ಅವರಿಗೂ ಕಲಿಸುವುದು ಬೇಡ ಎಂದುಕೊಂಡಿದ್ದೆ. ಹೋದ ವರ್ಷ ತೆಗೆಯಲಿಲ್ಲ. ಅದು ಯಾಕೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಈಗ ಬಾಯಿಬಿಟ್ಟೇ ಕೇಳುತ್ತಿದ್ದೇನೆ. ನೀನು ಇದನ್ನು ಭಿಕ್ಷೆ ಅಂದರೆ ಭಿಕ್ಷೆ. ಅವಳನ್ನು ಕಳಿಸು. ಅವಳು ಅಲುಗಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಅವಳ ತಾಯಿಯನ್ನು ಒಳಗೆ ಬಿಡು. ನನ್ನನ್ನು ಬಿಡಬೇಕೆಂದಿಲ್ಲ. ನಾನು ಹೊರಗೆ ಕೂರುತ್ತೇನೆ.

ರೊಜಾರ್

•

ಮಡ್ಗಾಂವ್
ಫೆಬ್ರವರಿ 19, 1986, ಬೆಳಿಗ್ಗೆ

ಪಾಯ್,

ನಿಮ್ಮನ್ನು ಹೀಗೆ ಕರೆಯಬಹುದೋ ಇಲ್ಲವೋ, ಬೇರೆ ಹೇಗೆ ಕರೆಯಬೇಕೆಂದು ತಿಳಿಯಲಿಲ್ಲ. ಅಂಚೆಗೆ ಹಾಕಿದರೆ ತಡವಾಗುತ್ತದೆ ಎಂದು ಇದನ್ನು ನಿಮ್ಮೂರ ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಫೆರಿಯಲ್ಲಿ ಪಟಾಕಿ ಹೊಡೆದವನು. ನನ್ನ ಮುಖ ನೋಡಿ ಏನೂ ಕೇಳದೆ, ಬರೆದು ತಾ ಎಂದು ಬಸ್ಸು ನಿಲ್ಲಿಸಿಕೊಂಡಿದ್ದಾನೆ.

ಸೋಮವಾರ ಇನೆಸಳಿಗೆ ಫಿಟ್ಸ್ ಬಂತು. ದೋಣಿಯಲ್ಲಿ ಮಲಗಿಸಿ ದಾಟಿಸಿ ಇಲ್ಲಿಗೆ ತಂದೆವು. ನನ್ನ ಜೊತೆ ಮಾತು ಬಿಟ್ಟವರೇ ಹುಟ್ಟು ಹಾಕಿದರು. ಡಾಕ್ಟರರು ಕಾಯುವಂತಿಲ್ಲ ಎಂದು ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ನನ್ನ ಅಂಗೈಯಲ್ಲಿ ಹಿಡಿಸುವಷ್ಟು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಉಳಿಯುತ್ತದೆಯೇ ಎಂದು ಕೇಳಿದರೆ, ಇವತ್ತು ಕಳೆಯಲಿ ಎನ್ನುತ್ತಾರೆ.

ಇನೆಸ್ ನಿನ್ನೆ ಕಣ್ಣು ತೆರೆದಳು. ಮೊದಲು ಕೇಳಿದ್ದು ಮಾಯ್ ಎಲ್ಲಿ ಎಂದು. ನಿಮ್ಮ ಕಾಗದವನ್ನು ನನ್ನ ತಾಯಿ ಒಡೆಯದೆ ಆಸ್ಪತ್ರೆಗೇ ತಂದುಕೊಟ್ಟು ಸಂಜೆಯ ಫೆರಿಗೆ ಹಿಂದಿರುಗಿದರು. ಇನೆಸಳಿಗೆ ಓದಿ ಹೇಳಿದೆ. ಐದನೇ ಗೋಲಿನದ್ದನ್ನು ಇನ್ನೊಮ್ಮೆ ಓದು ಅಂದಳು.

ಮೂರನೆಯದು ಮಾತ್ರ ನನ್ನದೇ ತಪ್ಪು. ನಾನು ಆಗ ಚೆಂಡು ನೋಡುತ್ತಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಬಂದಳೇ ಎಂದು ನೋಡುತ್ತಿದ್ದೆ. ನಿಮ್ಮ ಟೊಪ್ಪಿ ಕಾಣದ್ದೂ ಅದಕ್ಕೇ ಇರಬೇಕು, ಸೂರ್ಯನಿಂದಲ್ಲ.

ಈ ವಾರ್ಡಿನಲ್ಲಿ ಗಂಡಸರನ್ನು ನಿಲ್ಲಲು ಬಿಡುವುದಿಲ್ಲ. ಅವಳು ಎಚ್ಚರವಾದಾಗಲೆಲ್ಲ ಒಬ್ಬಳೇ ಇರುತ್ತಾಳೆ. ಮಾಯ್ ಬರಬೇಕು. ನೀವೂ ಬನ್ನಿ. ಹೊರಗೆ ಕೂರುವುದಾದರೆ ನನ್ನ ಜೊತೆ ಕೂರಿ. ಬೆಂಚು ಒಂದೇ ಇದೆ.

ಮಗುವಿಗೆ ಈಗಲೇ ಜ್ಞಾನಸ್ನಾನ ಕೊಡೋಣ, ತಡ ಮಾಡಬಾರದು ಎಂದು ಪಾದ್ರಿ ಬೆಳಿಗ್ಗೆ ಬಂದು ಹೇಳಿದರು. ಮಾಯ್ ಬಂದು ಎತ್ತಿಕೊಳ್ಳದೆ ಬೇಡ ಎಂದು ಇನೆಸ್ ಹಟ ಹಿಡಿದಿದ್ದಾಳೆ. ಅವರು ಮಧ್ಯಾಹ್ನ ಮತ್ತೆ ಬರುತ್ತಾರೆ. ಅಲ್ಲಿಯವರೆಗೆ ಕಾಯಿರಿ ಎಂದು ಕೇಳಿಕೊಂಡಿದ್ದೇನೆ, ಪಾದ್ರಿಯನ್ನೂ, ಆ ಗಾಜಿನ ಮೇಲೆ ಕೈಯಿಟ್ಟು ನನ್ನ ಮಗಳನ್ನೂ.

ಮಿಂಗೆಲ್